ಹಿಂದಿರುಗದ ಬೆಳಕು

ಕಾರ್ಲಿಗಾಶಳಿಗೆ ಮೂಗಿನ ತುದಿಯಲ್ಲೇ ಕೋಪ. ಸಿರ್ ನದಿಯ ದಡದ ಆ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಇದು ಕಸ ಗುಡಿಸುವವರಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಆದರೆ ಹಸುಗೂಸುಗಳ ತಲೆಗೆ ಬೆಳಕಿನ ಟೋಪಿ ತೊಡಿಸಿ, ಮಿದುಳು ಹೇಗೆ ಬೆಳೆಯುತ್ತಿದೆಯೆಂದು ನೋಡುವ ಯಂತ್ರವನ್ನು ನಡೆಸಬಲ್ಲವಳು ಇಡೀ ಜಿಲ್ಲೆಗೆ ಅವಳೊಬ್ಬಳೇ. ಹಾಗಾಗಿ ಅವಳ ಕೋಪವನ್ನು ಎಲ್ಲರೂ ನುಂಗಿಕೊಂಡು ಸುಮ್ಮನಿದ್ದರು. ಆ ಮಂಗಳವಾರ ಬೆಳಿಗ್ಗೆ ನುಂಗಿಕೊಳ್ಳದವಳೊಬ್ಬಳು ಎದುರಾದಳು.

ಅವಳ ಹೆಸರು ಉಲ್ಬೋಸಿನ್. ಅರವತ್ತು ದಾಟಿದ, ಒಂಟೆಗಳನ್ನು ಸಾಕಿ ಸಾಕಿ ಗಟ್ಟಿಯಾದ ಹೆಂಗಸು. ತಲೆಗೆ ಬಿಳಿ ವಸ್ತ್ರ, ಮಡಿಲಲ್ಲಿ ಹನ್ನೊಂದು ದಿನದ ಮೊಮ್ಮಗ. ಹುಟ್ಟುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಕೂಸು ಆರು ನಿಮಿಷ ಅಳದೆ ಬಿದ್ದಿತ್ತು. ಅದಕ್ಕೇ ಈ ಪರೀಕ್ಷೆ. ಸೊಸೆ ಬಾಲ್ಜಾನ್ ಪಕ್ಕದ ಕುರ್ಚಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

“ನಲವತ್ತು ದಿನ ತುಂಬದ ಕೂಸನ್ನ ನೆಂಟರಿಗೇ ತೋರಿಸಲ್ಲ ನಾವು. ನೀನ್ಯಾರೇ, ತಲೆಗೆ ತಂತಿ ಸುತ್ತೋಕೆ?” ಎಂದಳು ಉಲ್ಬೋಸಿನ್.

“ತಂತಿ ಅಲ್ಲ ಆಪಾ, ಬೆಳಕು. ಕಣ್ಣಿಗೆ ಕಾಣದ ಬೆಳಕು. ಬುರುಡೆ ಒಳಗೆ ಹೋಗಿ ವಾಪಸ್ ಬರುತ್ತೆ. ಎಷ್ಟು ಬಂತು ಅಂತ ಅಳೆದ್ರೆ ಮಿದುಳಿನ ಯಾವ ಭಾಗ ಎಚ್ಚರ ಇದೆ, ಎಲ್ಲಿಗೆ ರಕ್ತ ಹರೀತಿದೆ ಅಂತ ತಿಳಿಯುತ್ತೆ.”

“ಕಾಣದ ಬೆಳಕಂತೆ! ಕಾಣದ್ದನ್ನ ನೀನು ಹೆಂಗೆ ನೋಡ್ತೀಯ? ನಿಂಗೇನು ನಾಲ್ಕು ಕಣ್ಣಾ?”

“ನೋಡೋದು ಯಂತ್ರ. ನೀವು ಸ್ವಲ್ಪ ಬಾಯಿ ಮುಚ್ಚಿದ್ರೆ ಹತ್ತು ನಿಮಿಷದ ಕೆಲಸ.”

“ಓಹೋ! ನಿಂಗೆ ಮಕ್ಕಳಿದಾವಾ?”

“ಇಲ್ಲ.”

“ಅದಕ್ಕೇ,” ಎಂದಳು ಮುದುಕಿ.

ಆ ಒಂದು ಮಾತು ಕಾರ್ಲಿಗಾಶಳ ನೆತ್ತಿಗೇರಿತು. ಇದೇ ಮಾತನ್ನು ಇದೇ ರಾಗದಲ್ಲಿ ಅವಳ ಅತ್ತೆ ಎಂಟು ವರ್ಷ ಹೇಳಿದ್ದಳು. ಹೇಳಿ ಹೇಳಿ ಸಾಕಾಗಿ ಒಂದು ದಿನ ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ ತವರಿಗೆ ಕಳಿಸಿದ್ದಳು. ಬಿಳಿ ವಸ್ತ್ರ ಸುತ್ತಿದ ಯಾವ ಅತ್ತೆಯನ್ನು ಕಂಡರೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಟೋಪಿ ತೊಡಿಸುವ ಮೊದಲು ಕೂದಲನ್ನು ಸಾಲುಸಾಲಾಗಿ ಬಿಡಿಸಿ, ಒದ್ದೆ ಹತ್ತಿಯಿಂದ ನೆತ್ತಿ ಒರೆಸುವುದು ಪದ್ಧತಿ. ಅವಳು ಹತ್ತಿ ತೆಗೆದುಕೊಂಡಳಷ್ಟೆ, ಉಲ್ಬೋಸಿನ್ ಕೂಸಿನ ತಲೆಗೆ ಅಂಗೈ ಅಡ್ಡ ಇಟ್ಟಳು. “ಒರೆಸೋದು ಗಿರೆಸೋದು ಬೇಡ. ಟೋಪಿ ಹಾಕೋದಾದ್ರೆ ಹಾಕು, ಇಲ್ಲಾಂದ್ರೆ ಹೊರಡ್ತೀವಿ.”

“ಹಾಗೇ ಆಗಲಿ, ನಿಮ್ಮ ಕೂಸು ನಿಮ್ಮ ಹಣೆಬರಹ,” ಎಂದು ಕಾರ್ಲಿಗಾಶ್ ಹತ್ತಿಯನ್ನು ಬಿಸಾಡಿದಳು. ಪರದೆ ಎಳೆದು, ದೀಪ ಆರಿಸಿ, ದಟ್ಟ ಕೂದಲ ಮೇಲೆಯೇ ಟೋಪಿಯನ್ನು ಬಿಗಿದಳು.

ತಾಯಿ ಮಾತಾಡಬೇಕು, ಅದಕ್ಕೆ ಮಿದುಳು ಓಗೊಡುತ್ತದೋ ಇಲ್ಲವೋ ನೋಡಬೇಕು. ಬಾಲ್ಜಾನ್ ಬಗ್ಗಿ, “ನನ್ನ ಒಂಟೆಮರಿ, ನನ್ನ ಬಂಗಾರದ ಒಂಟೆಮರಿ,” ಎಂದಳು. ಯಂತ್ರದ ಪರದೆಯ ಮೇಲೆ ಬಲಗಡೆಯ ಗೆರೆಗಳು ಮೆಲ್ಲಗೆ ಎದ್ದು ಇಳಿದವು. ಎಡಗಡೆ ಮುಂಭಾಗದ ನಾಲ್ಕು ಗೆರೆಗಳು ಅಡಿಪಟ್ಟಿ ಇಟ್ಟು ಎಳೆದಂತೆ ಮಲಗಿದ್ದವು.

ಇದರ ಅರ್ಥ ಕಾರ್ಲಿಗಾಶಳಿಗೆ ಚೆನ್ನಾಗಿ ಗೊತ್ತಿತ್ತು. ಕಾಯಿಲೆ ಬಿದ್ದ ಮಿದುಳಿನ ಗೆರೆಯೂ ಅಷ್ಟೊಂದು ಸಪಾಟಾಗಿ ಇರುವುದಿಲ್ಲ. ಕಳಿಸಿದ ಬೆಳಕು ಹಿಂದಿರುಗಿಯೇ ಇಲ್ಲ, ನಡುವೆ ಏನೋ ಅಡ್ಡ ಬಂದಿದೆ. ಇಂಥ ವೇಳೆ ಕಾಗದದ ಕೆಳಗೆ ಅವಳು ಒಂದು ಸಾಲು ಬರೆಯುತ್ತಿದ್ದಳು: ನಾಲ್ಕು ಕಡೆ ಬೆಳಕು ಬಂದಿಲ್ಲ, ಇದನ್ನು ಓದಬೇಡಿ, ಪರೀಕ್ಷೆ ಮತ್ತೆ ಮಾಡಬೇಕು. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ.

ಅಂದು ಪೆನ್ನು ಕೈಯಲ್ಲೇ ಇತ್ತು. ಕಿವಿಯಲ್ಲಿ ‘ಅದಕ್ಕೇ’ ಎಂಬುದೂ ಇತ್ತು. ಸಾಯಲಿ, ನಾಳೆ ತಾನಾಗಿ ಬಂದು ಸಾಲಿನಲ್ಲಿ ನಿಲ್ಲಲಿ ಮುದುಕಿ, ಕಾಲು ನೋಯಲಿ, ಆಗ ಹೇಳಿದರಾಯಿತು ಅಂದುಕೊಂಡಳು. ಕಾಗದವನ್ನು ಹಾಗೇ ಮುಖ್ಯ ವೈದ್ಯರ ಮೇಜಿನ ಮೇಲಿಟ್ಟು ಚಹಾಕ್ಕೆ ಹೋದಳು. ಕೋಪ ಬಂದವರೆಲ್ಲ ಕೊಡಲಿ ಹಿಡಿಯುವುದಿಲ್ಲ. ಹೆಚ್ಚಿನವರು ಮಾಡಬೇಕಾದ ಸಣ್ಣ ಕೆಲಸವೊಂದನ್ನು ಮಾಡದೆ ಬಿಟ್ಟುಬಿಡುತ್ತಾರೆ.

ಮಧ್ಯಾಹ್ನ ಎರಡು ಗಂಟೆಗೆ ಊಟದ ಕೋಣೆಯಲ್ಲಿ ಆರನೇ ವಾರ್ಡಿನ ನರ್ಸು ಸೂಪು ಊದಿಕೊಳ್ಳುತ್ತ ಹೇಳಿದಳು: “ಆ ಒಂಟೆಯವರ ಕೂಸನ್ನ ಸರ್ಕಾರಿ ಶಿಶುಗೃಹಕ್ಕೆ ಬರೆದುಕೊಡ್ತಿದ್ದಾರೆ. ಅಪ್ಪ ಸಹಿ ಹಾಕಿಯಾಯ್ತು. ಮೂರು ಗಂಟೆಗೆ ಕಾಗದ ತಗೊಂಡು ಹೋಗೋಕೆ ಬರ್ತಾರೆ. ಅಷ್ಟರಲ್ಲಿ ತಾಯೀನೂ ಹಾಕಿದ್ರೆ ಮುಗೀತು.”

“ಯಾಕೆ?”

“ಎಡಗಡೆ ಮಿದುಳೇ ಸತ್ತಿದೆಯಂತಲ್ಲ. ನಿನ್ನ ಯಂತ್ರಾನೇ ಹೇಳಿತಂತೆ.”

ಕಾರ್ಲಿಗಾಶ್ ದಡಕ್ಕನೆ ಎದ್ದಳು. ಚಮಚ ಎಲ್ಲಿ ಬಿತ್ತೋ ನೋಡಲಿಲ್ಲ, ಮೆಟ್ಟಿಲು ಹತ್ತಿ ಮುಖ್ಯ ವೈದ್ಯ ತಾಲ್ಗಾತ್ ಓಮಾರೊವಿಚ್‌ನ ಕೋಣೆಗೆ ಓಡಿದಳು.

“ಬೆಳಕು ಬಂದಿಲ್ಲ ಅಂದ್ರೆ ಮಿದುಳು ಸತ್ತಿದೆ ಅಂತಲ್ಲ! ಅದು ಓದೋಕೇ ಬಾರದ ಕಾಗದ.”

“ಹಾಗಂತ ಎಲ್ಲಿ ಬರೆದಿದ್ದೀಯ? ತೋರಿಸು,” ಎಂದು ಆತ ಕಾಗದವನ್ನು ಅವಳತ್ತ ತಳ್ಳಿದ.

“ಬರೆದಿಲ್ಲ.”

“ಬರೆದಿಲ್ಲ! ಆ ಕೂಸಿನ ಅಪ್ಪನ ಮುಂದೆ ಕೂತು, ಚಿಕ್ಕ ವಯಸ್ಸು ನಿಮ್ಮದು, ಇನ್ನೊಂದು ಹೆರಬಹುದು ಅಂತೆಲ್ಲ ಹೇಳಿ ಮುಗಿಸಿದ್ದೀನಿ. ಈಗ ಬಂದು ಬರೆದಿಲ್ಲ ಅಂತೀಯ. ನನ್ನನ್ನ ಕತ್ತೆ ಮಾಡ್ತಿದ್ದೀಯಾ?”

“ಒಂದು ಕಾಗದ ನೋಡಿ ಕೂಸನ್ನ ಬಿಟ್ಟುಬಿಡಿ ಅಂದ್ರಲ್ಲ, ಕತ್ತೆ ಆಗೋಕೆ ನಿಮಗೆ ನನ್ನ ಸಹಾಯ ಬೇಕಿರಲಿಲ್ಲ.”

ತಾಲ್ಗಾತನ ಮುಖ ಕೆಂಪಗಾಯಿತು. “ಮೂರು ಗಂಟೆವರೆಗೆ ಟೈಮು. ಇನ್ನೊಂದ್ಸಲ ನೋಡು. ಆಮೇಲೆ ನಿನ್ನನ್ನ ನೋಡ್ಕೊಳ್ತೀನಿ.”

ವಾರ್ಡಿನಲ್ಲಿ ಬಾಲ್ಜಾನ್ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಸಹಿಯ ಆ ಕಾಗದ. ಉಲ್ಬೋಸಿನ್ ಕೂಸನ್ನು ಎತ್ತಿಕೊಂಡು ಗಂಟುಮೋರೆ ಹಾಕಿ ಅತ್ತಿಂದಿತ್ತ ತಿರುಗುತ್ತಿದ್ದಳು. ಇದೆಲ್ಲ ಈ ಮುದುಕಿಯದೇ ಕಿತಾಪತಿ, ಮಗನ ಕೈ ಹಿಡಿದು ಸಹಿ ಹಾಕಿಸಿದವಳು ಇವಳೇ ಎಂಬುದರಲ್ಲಿ ಕಾರ್ಲಿಗಾಶಳಿಗೆ ಅನುಮಾನವೇ ಇರಲಿಲ್ಲ.

“ಕೂಸು ಕೊಡಿ. ಮತ್ತೆ ನೋಡಬೇಕು.”

“ಬೆಳಿಗ್ಗೆ ಮಿದುಳಿಲ್ಲ ಅಂದ್ರಿ. ಈಗ ಏನು, ಹೃದಯಾನೂ ಇಲ್ಲ ಅಂತೀರಾ?”

“ಬಿಟ್ಟು ಹೋಗೋರಿಗೆ ಯಾಕೆ ಇಷ್ಟು ಮಾತು?”

ಉಲ್ಬೋಸಿನಳ ಬಲಗೈ ಮೇಲೆದ್ದಿತು. ಹೊಡೆದೇಬಿಡುತ್ತಿದ್ದಳೇನೋ, ಅಷ್ಟರಲ್ಲಿ ಮಂಚದಿಂದ ಬಾಲ್ಜಾನ್ ಕೂಗಿದಳು: “ಆಪಾ, ಕೊಡಿ! ಇನ್ನೊಂದೇ ಸಲ ನೋಡಲಿ.”

ಪರೀಕ್ಷೆಯ ಕೋಣೆಯಲ್ಲಿ ಕಾರ್ಲಿಗಾಶ್ ಈ ಸಲ ಯಾರ ಅಪ್ಪಣೆಯನ್ನೂ ಕೇಳದೆ ದೀಪದ ಕೆಳಗೆ ಕೂಸಿನ ಕೂದಲು ಬಿಡಿಸಿದಳು. ಎಡಗಡೆ, ಹಣೆಯ ಮೇಲಿನಿಂದ ಹೆಬ್ಬೆರಳಗಲದ ದಟ್ಟ ಕಪ್ಪು, ಕೂದಲ ಬುಡದಲ್ಲಿ ಜಿಡ್ಡಾಗಿ ಅಂಟಿತ್ತು.

“ಇದೇನು?”

“ಮಸಿ. ನಮ್ಮನೆ ಕಜಾನ್ ಕಡಾಯಿ ತಳದ್ದು. ಕುರಿಕೊಬ್ಬಲ್ಲಿ ಕಲಸಿ ಹಚ್ಚಿದೀನಿ, ದೃಷ್ಟಿ ತಾಗಬಾರದು ಅಂತ. ನಿನ್ನಂಥೋರ ದೃಷ್ಟಿ.”

ಕಜಾನಿನ ಮಸಿ ಯಾರಿಗೆ ಗೊತ್ತಿಲ್ಲ? ಕಾರ್ಲಿಗಾಶಳ ಹಣೆಗೂ ಚಿಕ್ಕಂದಿನಲ್ಲಿ ಅವಳಜ್ಜಿ ಬಳಿದಿದ್ದಳು. ಆದರೆ ಆಸ್ಪತ್ರೆಯವರು ಒರೆಸಿಬಿಡುತ್ತಾರೆಂದು ಕೂದಲ ಕೆಳಗೆ ಬಚ್ಚಿಟ್ಟವಳನ್ನು ಅವಳು ಇದುವರೆಗೆ ಕಂಡಿರಲಿಲ್ಲ.

“ಕಪ್ಪು ಬೆಳಕನ್ನ ಕುಡಿದುಬಿಡುತ್ತೆ!” ಎಂದು ಅವಳು ಕಿರುಚಿದಳು. “ಒಳಗೂ ಬಿಡಲ್ಲ, ಹೊರಗೂ ಬಿಡಲ್ಲ. ಈ ಮಸಿಯಿಂದಾನೇ ಕೂಸು ಶಿಶುಗೃಹಕ್ಕೆ ಹೊರಟಿರೋದು. ಗೊತ್ತಾಗ್ತಿದೆಯಾ ನಿಮಗೆ? ನೀವು ಬಳಿದ ಮಸಿಯಿಂದ!”

ಹಾಗೆ ಕಿರುಚುವಾಗಲೇ ತಾನು ಬರೆಯದ ಸಾಲು ಅವಳಿಗೆ ಒಳಗೆ ಚುಚ್ಚುತ್ತಿತ್ತು. ಅದನ್ನು ಅಡಗಿಸಲೆಂದೇ ಇನ್ನೂ ಜೋರಾಗಿ ಕಿರುಚಿದಳು.

ಉಲ್ಬೋಸಿನ್ ಕೂಸನ್ನು ಮಡಿಲಿಗೆ ಎಳೆದುಕೊಂಡಳು. ತಲೆವಸ್ತ್ರದ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಕೂಸಿನ ತಲೆಯನ್ನು ತಾನೇ ಒರೆಸತೊಡಗಿದಳು. ಒಂಟೆಯ ಮೂಗುದಾರ ಎಳೆದ ಆ ದಪ್ಪ ಬೆರಳುಗಳು ಒಂದೊಂದೇ ಕೂದಲ ಬುಡವನ್ನು ತಿಕ್ಕಿದವು. ಬಿಳಿ ವಸ್ತ್ರ ಕಪ್ಪಾಯಿತು, ನೆತ್ತಿ ಕೆಂಪಾಯಿತು, ಕೂಸು ಚೀರಿ ಅತ್ತು, ಮೊಲೆ ಕುಡಿದು ಸುಮ್ಮನಾಯಿತು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಟೋಪಿ ತೊಡಿಸಿ ದೀಪ ಆರಿಸಿದರು. “ನನ್ನ ಒಂಟೆಮರಿ,” ಎಂದಳು ಬಾಲ್ಜಾನ್. ಬಲಗಡೆಯ ಗೆರೆಗಳು ಎದ್ದವು. ಎಡಗಡೆಯ ನಾಲ್ಕು ಗೆರೆಗಳು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಅವೂ ಎದ್ದವು. ಮತ್ತೆ ಕರೆಸಿದಳು, ಮತ್ತೆ ಎದ್ದವು. ಮೂರನೇ ಸಲ ಕರೆಸುವಾಗ ಕಾರ್ಲಿಗಾಶ್ ಗೆರೆಗಳಿಂದ ಕಣ್ಣು ತೆಗೆಯದೆ ಕೈಸನ್ನೆಯಲ್ಲೇ ಹೇಳಿದಳು.

“ಎರಡೂ ಕಡೆ ಕೇಳಿಸ್ಕೊಳ್ತಿದಾನೆ,” ಎಂದಳು ಕೊನೆಗೆ. “ಮುಂದೆ ಹೆಂಗೆ ಬೆಳೀತಾನೆ ಅಂತ ಈಗ್ಲೇ ಹೇಳೋಕಾಗಲ್ಲ. ಮೂರು ತಿಂಗಳಿಗೆ ಮತ್ತೆ ನೋಡಬೇಕು. ಆದ್ರೆ ಬೆಳಿಗ್ಗೆ ಹೇಳಿದ್ದು ಸುಳ್ಳು.”

ಬಾಲ್ಜಾನ್ ಟೋಪಿಯ ಸಮೇತ ಕೂಸನ್ನು ಅವುಚಿಕೊಂಡು ಗೊಳೋ ಎಂದು ಅತ್ತಳು.

ತಾಲ್ಗಾತ್ ಬಂದ. ಸಹಿಯ ಕಾಗದವನ್ನು ಎರಡು ತುಂಡು ಮಾಡಿ, ತಾನೇ ಕೂಸನ್ನು ಬದುಕಿಸಿದವನಂತೆ ನಕ್ಕ. “ಅಭಿನಂದನೆ! ಇನ್ನು ನೀವು ಮಗೂನ ಮನೆಗೆ ಕರ್ಕೊಂಡು ಹೋಗಬಹುದು.”

“ಇನ್ನು?” ಉಲ್ಬೋಸಿನ್ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ನಿನ್ನ ‘ಇನ್ನು’ ಯಾರಿಗಯ್ಯಾ ಬೇಕಿತ್ತು? ನನ್ನ ಮಗ ಸಹಿ ಹಾಕಿ ಬಂದಾಗ ಬೂಟು ಬಿಚ್ಚಿ ಅವನ ಬೆನ್ನಿಗೆ ಬಿಟ್ಟೆ. ಇವಳ ಕೈಯಿಂದ ಎರಡು ಸಲ ಪೆನ್ನು ಕಿತ್ತು ಕಿಟಕಿಯಿಂದ ಬಿಸಾಕಿದೀನಿ. ಕಾನೂನಲ್ಲಿ ಅಜ್ಜಿಗೆ ಸಹಿ ಇಲ್ವಂತೆ. ಕೈ ಇದೆಯಲ್ಲ! ಅರ್ಧ ಮಿದುಳಿದ್ರೆ ಅರ್ಧ ಮಿದುಳಿನ ಮೊಮ್ಮಗನ್ನೇ ಸಾಕ್ತಿದ್ದೆ.”

ಬಾಲ್ಜಾನ್ ತಲೆ ತಗ್ಗಿಸಿದಳು. ಕಾರ್ಲಿಗಾಶಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಂಗಳದಲ್ಲಿ ಧೂಳುಗಾಳಿ ಎದ್ದಿತ್ತು. ಮಗ ನುರ್ದಾವ್ಲೆತ್ ಹಳೆಯ ಕಾರಿನ ಬಾಗಿಲು ತೆಗೆದುಕೊಂಡು ನಿಂತಿದ್ದ. ಉಲ್ಬೋಸಿನ್ ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು, “ಎಂಟು ಕಿಲೋಮೀಟರು. ನಡಕೊಂಡು ಬಾ,” ಎಂದಳು. ಅವನು ಹಿಂದೆ ಸರಿದ. ಬಾಲ್ಜಾನ್ ಕೂಸಿನೊಂದಿಗೆ ಒಳಗೆ ಕೂತಳು.

ಮೂರು ತಿಂಗಳ ನಂತರದ ದಿನಾಂಕ ಬರೆದ ಚೀಟಿ ಹಿಡಿದು ಕಾರ್ಲಿಗಾಶ್ ಅಲ್ಲಿಗೆ ಬಂದಳು. ಚೀಟಿ ಕೊಟ್ಟು ಹೊರಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಉಲ್ಬೋಸಿನ್, ಕಪ್ಪಾದ ತಲೆವಸ್ತ್ರದ ತುದಿಯನ್ನು ಮಡಿಚುತ್ತ, ಅದುವರೆಗೆ ಕೇಳದ ಸಣ್ಣ ದನಿಯಲ್ಲಿ ಹೇಳಿದಳು: “ಮಸಿ ಹಚ್ಚಿದ್ದು ನಾನೇ. ಆ ಪಾಪ ನನ್ನದೇ ಕಣವ್ವಾ.”

ಕಾರ್ಲಿಗಾಶ್ ಹೇಳಿದಳು: “ನಿಮ್ಮದಲ್ಲ. ಕಾಗದ ಓದೋಕಾಗಲ್ಲ ಅಂತ ಬೆಳಿಗ್ಗೇನೇ ನನಗೆ ಗೊತ್ತಿತ್ತು. ಒಂದು ಸಾಲು ಬರೀಬೇಕಿತ್ತು. ನಿಮ್ಮ ಮೇಲಿನ ಸಿಟ್ಟಿಗೆ ಬರೀಲಿಲ್ಲ.”

ಬೈಗುಳ ಬರುತ್ತದೆ, ಏಟು ಬೀಳುತ್ತದೆ ಎಂದು ಕಾರ್ಲಿಗಾಶ್ ಕಾದಳು. ಬಿದ್ದಿದ್ದರೆ ಹಗುರಾಗುತ್ತಿತ್ತು.

“ನನ್ನ ಮೇಲೆ ಸಿಟ್ಟಿದ್ರೆ ನನ್ನ ಕೆನ್ನೆಗೆ ಬಾರಿಸಬೇಕಿತ್ತು,” ಎಂದಳು ಮುದುಕಿ. “ಈ ಕೂಸು ನಿಂಗೇನು ಅಂದಿತ್ತು?”

ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಎದೆಗೆ ಸೇರಿಸಿ, ಕಾರಿನ ಬಾಗಿಲು ಹಾಕಿಕೊಂಡಳು.