ಟೇಪು ನಂಬರ್ ಒಂದು

ಅರವತ್ತು ಇಂಚು ಎಂದು ನನ್ನ ಮೈಮೇಲೆಯೇ ಅಚ್ಚಾಗಿದೆ. ಅದನ್ನು ನಂಬಿಕೊಂಡೇ ನಾನು ಬಾಳಿದ್ದು. ನಾನು ದರ್ಜಿಯ ಅಳತೆ ಟೇಪು. ಬಟ್ಟೆಯ ಪಟ್ಟಿಗೆ ಹಳದಿ ಬಣ್ಣ ಬಳಿದು, ಕಪ್ಪು ಅಂಕಿ ಒತ್ತಿ, ಎರಡು ತುದಿಗೂ ಹಿತ್ತಾಳೆಯ ಟೋಪಿ ಹಾಕಿದ ದಿನವೇ ನನ್ನ ಹುಟ್ಟಿದ ದಿನ. ಡಬ್ಬಿಯಲ್ಲಿ ನಾವು ಹನ್ನೆರಡು ಮಂದಿ ಇದ್ದೆವು. ಎಲ್ಲರದೂ ಒಂದೇ ಉದ್ದ, ಹಾಗಾಗಿ ಜಗಳಕ್ಕೆ ಕಾರಣವಿರಲಿಲ್ಲ.

ಅರಸೀಕೆರೆಯ ಗುಂಡಿ ದಾರದ ಅಂಗಡಿಯಲ್ಲಿ ನನ್ನನ್ನು ಆರಿಸಿದವರು ಏಕನಾಥರಾಯರು. ರೈಲ್ವೆ ಗೇಟಿನ ಹತ್ತಿರ ಅವರ ಹೊಲಿಗೆ ಅಂಗಡಿ. ಊರಿಗೆಲ್ಲ ಅವರು ಮಾಸ್ಟರ್. ನನ್ನನ್ನು ಕೊರಳಿಗೆ ಹಾಕಿಕೊಂಡವರು ಹದಿನೇಳು ವರ್ಷ ಇಳಿಸಲಿಲ್ಲ. ಊಟಕ್ಕೆ ಕೂತಾಗ ನನ್ನ ತುದಿ ಹುಳಿಯಲ್ಲಿ ಅದ್ದಿದ್ದೂ ಉಂಟು. ಆ ಕಲೆ ಇನ್ನೂ ಐವತ್ತೇಳನೆಯ ಇಂಚಿನ ಮೇಲಿದೆ.

ಮಾಸ್ಟರದು ಗಟ್ಟಿ ಕೈ. ಅಳೆಯುವ ಮುಂಚೆ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಗ್ಗದೆ ಬಿಡುತ್ತಿರಲಿಲ್ಲ. ಹೆಂಗಸರ ಅಳತೆಯಿದ್ದರೆ ನನ್ನನ್ನು ಸೊಸೆ ವತ್ಸಲಾಳ ಕೈಗೆ ಕೊಡುತ್ತಿದ್ದರು. ಅವಳು ಪರದೆಯ ಒಳಗಿನಿಂದ "ಎದೆ ಮೂವತ್ತಾರು, ತೋಳು ಒಂಬತ್ತೂವರೆ" ಎಂದು ಕೂಗುವಳು, ಇವರು ಹೊರಗೆ ಬರೆದುಕೊಳ್ಳುವರು. ಹಳೆಯ ಗಿರಾಕಿಯಾದರೂ ಬಂದಾಗಲೆಲ್ಲ ಹೊಸದಾಗಿ ಅಳೆಯುವುದು ಅಂಗಡಿಯ ಪದ್ಧತಿ. "ಹೋದ ವರ್ಷದ ಮೈ ಈ ವರ್ಷ ಇರಲ್ಲ ತಾಯಿ" ಎನ್ನುತ್ತಿದ್ದರು ಮಾಸ್ಟರ್.

ಅವರ ಅಳತೆ ಪುಸ್ತಕ ಅವರಿಗೊಬ್ಬರಿಗೇ ಗೊತ್ತಾಗುವಂಥದ್ದು. ಕಾಲು ಇಂಚಿಗೆ ಒಂದು ಗೀಟು, ಅರೆಗೆ ಎರಡು ಗೀಟು, ಹೆಸರಿಗೆ ಬದಲು ಗುರುತು. 'ಗೂರಲು ಮೇಷ್ಟ್ರು' ಎಂದೋ 'ಸ್ಟೇಷನ್ ದಪ್ಪ' ಎಂದೋ ಇರುತ್ತಿತ್ತು. ಗಿರಾಕಿಗಳು ಅದನ್ನು ಓದಲಾರದ್ದು ಎಲ್ಲರ ಪುಣ್ಯ.

ಮಾಸ್ಟರಿಗೆ ಕಣ್ಣಿನ ಪೊರೆ ಬಂದಾಗ ಕಷ್ಟ ಶುರುವಾಯಿತು. ಒಂದು ಗೀಟು ಎರಡಾಗಿ ಕಂಡಿತು. ಇಬ್ಬರ ಅಂಗಿಯ ತೋಳು ಕೆಟ್ಟಿತು. ಮಗ ಸುಧಾಕರನದು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸ, ಸೂಜಿ ಕಂಡರೆ ಅವನಿಗೆ ಆಗದು. "ಸಾಕು ಬಿಡಿ ಅಪ್ಪ. ಮೊಬೈಲ್ ಅಂಗಡಿಯೋನು ಜಾಗ ಕೇಳ್ತಿದಾನೆ" ಎಂದ. ಮಾಸ್ಟರ್ ನನ್ನ ಹಿತ್ತಾಳೆ ತುದಿಯನ್ನು ಉಜ್ಜುತ್ತಾ "ಯುಗಾದಿಗೆ ಬಾಗಿಲು ಹಾಕೋಣ" ಎಂದರು. ಮದುವೆಯಾಗಿ ಬಂದ ಮೇಲೆ ವತ್ಸಲಾ ತನ್ನದು ಅಂದುಕೊಂಡದ್ದು ಆ ಅಂಗಡಿಯನ್ನು ಮಾತ್ರ. ಅದು ಹೋದರೆ ಅಡುಗೆಮನೆಯೊಂದೇ ಉಳಿಯುತ್ತದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಅವಳು ಕೇಳಿದಳು, "ಮಾವ, ಪುಸ್ತಕಾನ ನೀವು ಓದಿ ಹೇಳಿ. ನಾನು ಯಾರು ಬೇಕಾದರೂ ಓದೋ ಹಾಗೆ ಮಾಡ್ತೀನಿ. ಯುಗಾದಿವರೆಗೆ ಟೈಮ್ ಕೊಡಿ."

ಹಿಂದಿನ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿತ್ತು. ಅಲ್ಲಿದ್ದ ಒಂದು ಹೊಟ್ಟೆಯುಬ್ಬಿದ ಕಂಪ್ಯೂಟರ್ ಪ್ರಿಂಟರಿನ ಸಮೇತ ನಮ್ಮ ಅಂಗಡಿಗೆ ಬಂತು. ಜೊತೆಗೆ ಡೇಟಾಬೇಸ್ ಕಲಿಸುವ ಒಂದು ಇಂಗ್ಲಿಷ್ ಪುಸ್ತಕ. ಅದರ ರಟ್ಟೂ ಇಲ್ಲ, ಮೊದಲ ಹದಿನಾಲ್ಕು ಪುಟವೂ ಇಲ್ಲ. ಮುನ್ನುಡಿ ಹೋಗಿದ್ದು ಒಳ್ಳೆಯದೇ ಆಯಿತು, ವತ್ಸಲಾ ನೇರ ಕೆಲಸಕ್ಕೆ ಬಿದ್ದಳು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ಡಿಕ್ಷನರಿ ತೊಡೆಯ ಮೇಲೆ, ಪುಸ್ತಕ ಹೊಲಿಗೆ ಯಂತ್ರದ ಮೇಲೆ. ಒಂದು ಸಾಲು ಓದುವುದು, ಒಂದು ಸಾಲು ಒತ್ತುವುದು, ತಪ್ಪೆಂದು ಕಂಪ್ಯೂಟರ್ ಬೈದರೆ ಮತ್ತೆ ಓದುವುದು.

"ಮಾವ, ಮೊದಲು ಒಂದು ಟೇಬಲ್ ಮಾಡಬೇಕಂತೆ."

"ಇರೋ ಟೇಬಲ್ ಮೇಲೆ ಬಟ್ಟೆ ಹರಡೋಕೇ ಜಾಗ ಇಲ್ಲ, ಇನ್ನೊಂದು ಎಲ್ಲಿ ಇಡ್ತೀಯಮ್ಮ?"

"ಇದು ಮರದ್ದಲ್ಲ. ಅಡ್ಡಸಾಲಿಗೆ ಒಬ್ಬೊಬ್ಬ ಗಿರಾಕಿ, ಉದ್ದಸಾಲಿಗೆ ಎದೆ, ಸೊಂಟ, ತೋಳು. ಆ ಉದ್ದಸಾಲಿಗೆ ಫೀಲ್ಡ್ ಅಂತಾರೆ."

"ಹೊಲಾನೂ ಬಂತಾ? ಸರಿ, ಉಳು" ಎಂದರು ಮಾಸ್ಟರ್.

ತಮಾಷೆ ಮಾಡಿದರೇ ಹೊರತು ಓದಿ ಹೇಳುವುದನ್ನು ಅವರು ತಪ್ಪಿಸಲಿಲ್ಲ. ಭೂತಗನ್ನಡಿ ಹಿಡಿದು ಗೀಟುಗಳನ್ನು ಎಣಿಸಿ ಹೇಳುವರು, ಅವಳು ಒತ್ತುವಳು. ಮೊದಲ ಇನ್ನೂರು ಹೆಸರಾದ ಮೇಲೆ ನೋಡಿದರೆ ಅರೆ, ಕಾಲು ಒಂದೂ ಇಲ್ಲ. ಅಂಕಿಗೆ ಎರಡೇ ಮನೆ ಕೊಟ್ಟು, ದಶಾಂಶಕ್ಕೆ ಜಾಗ ಬಿಡುವುದನ್ನೇ ಅವಳು ಮರೆತಿದ್ದಳು. ಎಲ್ಲ ಅಳಿಸಿ ಮತ್ತೆ ಕೂತಳು. ಆಮೇಲೆ ಗೌರಮ್ಮನ ಪ್ರಸಂಗ. ನಮ್ಮಲ್ಲಿ ಟೀಚರ್ ಗೌರಮ್ಮ ಒಬ್ಬರು, ಹೂವಿನ ಗೌರಮ್ಮ ಒಬ್ಬರು. ಗೌರಮ್ಮ ಎಂದು ಹುಡುಕಿದರೆ ಕಂಪ್ಯೂಟರ್ ಪ್ರತಿಸಲ ಟೀಚರನ್ನೇ ಮುಂದೆ ತಂದು ನಿಲ್ಲಿಸುತ್ತಿತ್ತು. ಕೊನೆಗೆ ವತ್ಸಲಾ ಎಲ್ಲರಿಗೂ ಒಂದೊಂದು ನಂಬರು ಕೊಟ್ಟಳು. "ನಾವೇನು ಜೈಲಲ್ಲಿದೀವಾ?" ಎಂದು ಟೀಚರ್ ಮುನಿಸಿಕೊಂಡರು. ಅವರ ನಂಬರು ಒಂದು ಎಂದು ತಿಳಿದ ಮೇಲೆ ಸುಮ್ಮನಾದರು.

ಮಾಘ ಮಾಸ ಕಳೆಯುವ ಹೊತ್ತಿಗೆ ಸಾವಿರದ ನೂರ ನಲವತ್ತು ಜನ ಕಂಪ್ಯೂಟರಿನೊಳಗೆ ಸೇರಿದ್ದರು. ನಂಬರು ಒತ್ತಿದರೆ ಆ ಗಿರಾಕಿಯ ಅಳತೆ ಚೀಟಿಯಾಗಿ ಹೊರಗೆ ಬರುತ್ತಿತ್ತು. ಮಾಸ್ಟರ್ ಮೊದಲ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮಾರನೆಯ ವಾರ ಧೈರ್ಯವಾಗಿ ಕಣ್ಣಿನ ಆಪರೇಷನ್ನಿಗೆ ಹೋದರು. ನಾನೂ ಹೋದೆ, ಆಸ್ಪತ್ರೆಯಲ್ಲಿ ನನ್ನನ್ನು ಇಳಿಸಿ ಅವರ ಚೀಲದಲ್ಲಿಟ್ಟರು. ಮನೆಗೆ ಬಂದ ಕೂಡಲೇ ನನ್ನನ್ನು ಕೇಳಿ ಮತ್ತೆ ಕೊರಳಿಗೆ ಹಾಕಿಕೊಂಡರು. ಅಂಗಡಿಗೆ ವತ್ಸಲಾ ಒಬ್ಬ ಹೊಸ ಟೇಪನ್ನು ತಂದುಕೊಂಡಳು. ಮೊದಲೇ ಅಳತೆ ಕೊಟ್ಟು ಹೋಗಿದ್ದವರ ಚೀಟಿ ನೋಡಿ ತಾನೇ ಕತ್ತರಿ ಹಿಡಿದಳು. ಅದು ಅವಳು ಸ್ವತಂತ್ರವಾಗಿ ಹಿಡಿದ ಮೊದಲ ಕತ್ತರಿ.

ಆ ವಾರ ಹೊಲಿದ ಎಂಟು ರವಿಕೆಗಳಲ್ಲಿ ಎಂಟೂ ವಾಪಸ್ ಬಂದವು. ಎಲ್ಲವೂ ಬಿಗಿ.

ಸಂಜೆ ಮನೆಗೆ ಬಂದು ಅವಳು ಮಾವನ ಮಂಚದ ಪಕ್ಕ ಕೂತಳು. ಕೈಯಲ್ಲಿ ಟೀಚರ್ ಗೌರಮ್ಮನ ರವಿಕೆ. "ಉಸಿರಾಡೋಕೆ ಜಾಗ ಬಿಟ್ಟಿಲ್ಲವಲ್ಲಮ್ಮ ಅಂದ್ರು ಮಾವ. ಪುಸ್ತಕದ ಅಂಕಿ, ಕಂಪ್ಯೂಟರ್ ಅಂಕಿ ಎರಡೂ ಒಂದೇ ಇದೆ. ಚೀಟಿ ಸರಿ ಇದೆ. ತಪ್ಪು ನನ್ನ ಕೈಯಲ್ಲೇ ಇರಬೇಕು." ಇಷ್ಟು ಹೇಳಿ ಅತ್ತಳು. ಸುಧಾಕರ ಬಾಗಿಲಲ್ಲಿ ನಿಂತು "ನಾನು ಹೇಳಲಿಲ್ವಾ? ಆ ಮೊಬೈಲ್‌ನೋನಿಗೆ ಹೂಂ ಅಂದುಬಿಡ್ತೀನಿ" ಎಂದ.

"ಸ್ವಲ್ಪ ಸುಮ್ಮನಿರೋ" ಎಂದರು ಮಾಸ್ಟರ್. ಅವರ ಕಣ್ಣಿಗೆ ಇನ್ನೂ ಪಟ್ಟಿ ಇತ್ತು. ಬೆರಳಿನಿಂದ ರವಿಕೆಯ ಹೊಲಿಗೆಗಳನ್ನು ತಡವಿದರು. "ಕೈ ಚೆನ್ನಾಗಿದೆಯಲ್ಲಮ್ಮ. ಎದೆ ಎಷ್ಟಕ್ಕೆ ಇಟ್ಟೆ?"

"ಮೂವತ್ತಾರಕ್ಕೆ."

ಕೊರಳಿನಿಂದ ನನ್ನನ್ನು ತೆಗೆದು ಕೊಟ್ಟರು. "ಅಳೆದು ನೋಡು." ಅವಳು ಅಳೆದಳು. ನಾನು ಮೂವತ್ತೈದೂವರೆ ತೋರಿಸಿದೆ.

"ನೋಡಿದೆಯಾ, ಅರ್ಧ ಇಂಚು ತಿಂದಿದೀಯ."

ಅವಳು ತನ್ನ ಚೀಲದಿಂದ ಹೊಸಬನನ್ನು ತೆಗೆದು ಅಳೆದಳು. ಅವನು ಮೂವತ್ತಾರು ತೋರಿಸಿದ.

ಅವಳು ನಮ್ಮಿಬ್ಬರನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿದಳು. ಒಂದನೆಯ ಇಂಚಿನಲ್ಲಿ ನಾವು ಒಂದೇ ಇದ್ದೆವು. ಇಪ್ಪತ್ತರ ಹತ್ತಿರ ನಾನು ಕಾಲು ಇಂಚು ಮುಂದೆ ಹೋದೆ. ಅರವತ್ತರ ತುದಿಗೆ ಬಂದಾಗ ನನ್ನ ಹಿತ್ತಾಳೆ ಟೋಪಿ ಅವನದಕ್ಕಿಂತ ಮುಕ್ಕಾಲು ಇಂಚಿಗೂ ಹೆಚ್ಚು ಆಚೆಗಿತ್ತು. ಹದಿನೇಳು ವರ್ಷದ ಜಗ್ಗಾಟದಲ್ಲಿ ನಾನು ಹಿಗ್ಗಿದ್ದೆ. ದೇವರಾಣೆಗೂ ನನಗೆ ಅದು ಗೊತ್ತಿರಲಿಲ್ಲ. ಊರನ್ನೆಲ್ಲ ಅಳೆದವನು ನಾನು, ನನ್ನನ್ನು ಯಾರೂ ಅಳೆದು ನೋಡಿರಲಿಲ್ಲ. ನಾಚಿಕೆಯಿಂದ ಸುರುಳಿ ಸುತ್ತಿಕೊಳ್ಳಬೇಕೆನಿಸಿತು.

ವತ್ಸಲಾ ವಿಷಯ ಹೇಳಿದಾಗ ಮಾಸ್ಟರ ಮುಖ ಬಿಳಿಚಿತು. "ಹಾಗಾದರೆ ಇಷ್ಟು ವರ್ಷ ನಾನು ಬರೆದದ್ದೆಲ್ಲ ಸುಳ್ಳಾ?"

"ಇಲ್ಲ ಮಾವ. ಇದರಲ್ಲೇ ಅಳೆದ್ರಿ, ಇದರಲ್ಲೇ ಕತ್ತರಿಸಿದ್ರಿ. ಒಂದು ಬಟ್ಟೇನೂ ಸುಳ್ಳಾಗಲಿಲ್ಲ. ನಾನು ನಿಮ್ಮ ಅಂಕಿ ತಗೊಂಡೆ, ಟೇಪು ಬಿಟ್ಟೆ."

"ಸಾವಿರ ಜನಾನ ಮತ್ತೆ ಕರೆದು ಅಳೆಯೋಕಾಗುತ್ತಾ? ಯುಗಾದಿಗೆ ಹದಿನೈದು ದಿನ ಇದೆ."

"ಕರೀಬೇಕಾಗಿಲ್ಲ. ಏಳನೇ ಕ್ಲಾಸಿನ ತ್ರೈರಾಶಿ ಸಾಕು. ಹಳೇ ಅಂಕಿನ ಮೂವತ್ತಾರರಿಂದ ಭಾಗಿಸಿ ಮೂವತ್ತಾರೂವರೆಯಿಂದ ಗುಣಿಸಿದರಾಯ್ತು. ಕಂಪ್ಯೂಟರಿಗೆ ಒಂದು ಸಾಲು ಹೇಳಿದರೆ ಎಲ್ಲರದನ್ನೂ ತಿದ್ದುತ್ತೆ."

ಮರುದಿನ ಮಾಸ್ಟರ್ ಹಟ ಹಿಡಿದು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಅಂಗಡಿಗೆ ಬಂದು ಕೂತರು. ವತ್ಸಲಾ ಆ ಒಂದು ಸಾಲು ಬರೆದಳು. ಒತ್ತುವ ಮೊದಲು ಕೈ ತಡೆದಳು. ಒತ್ತಿದ್ದರೆ ಮಾಸ್ಟರ ಅಂಕಿಗಳೆಲ್ಲ ಅಳಿಸಿ ಹೋಗಿ ಹೊಸ ಅಂಕಿ ಕೂರುತ್ತಿದ್ದವು. ಅವಳು ಆ ಸಾಲನ್ನು ಅಳಿಸಿದಳು. ಪುಸ್ತಕ ತಿರುವಿ, ಮೂರು ಮಧ್ಯಾಹ್ನ ತಿಣುಕಿ, ಟೇಬಲ್ಲಿಗೆ ಒಂದು ಹೊಸ ಫೀಲ್ಡ್ ಸೇರಿಸಿದಳು. ಅದರ ಹೆಸರು 'ಟೇಪು'. ನನ್ನಿಂದ ಅಳೆದವರ ಮುಂದೆ ಒಂದು, ಹೊಸಬನಿಂದ ಅಳೆದವರ ಮುಂದೆ ಎರಡು. ಒಂದು ಎಂದಿದ್ದರೆ ಚೀಟಿ ಬರುವಾಗ ಮಾತ್ರ ಲೆಕ್ಕ ತಿದ್ದಿಕೊಳ್ಳುತ್ತದೆ.

"ನಿಮ್ಮ ಅಂಕಿ ಇದ್ದ ಹಾಗೇ ಇರಲಿ ಮಾವ" ಎಂದಳು.

ಮಾಸ್ಟರ್ ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡರು. ಆಪರೇಷನ್ ಆದ ಕಣ್ಣನ್ನು ಹಾಗೆಲ್ಲ ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದರು.

ಟೀಚರ್ ಗೌರಮ್ಮನ ಎರಡನೆಯ ರವಿಕೆ ಸರಿಯಾಗಿ ಕೂತಿತು. ಉಳಿದ ಏಳೂ ಕೂತವು. ಯುಗಾದಿಯ ದಿನ ಅಂಗಡಿಯ ಬಾಗಿಲಿಗೆ ಬೀಗ ಬೀಳಲಿಲ್ಲ, ತೋರಣ ಬಿತ್ತು. ಸುಧಾಕರನೇ ಸ್ಟೂಲು ಹತ್ತಿ ಕಟ್ಟಿದ. ಮಾಸ್ಟರ್ ತಮ್ಮ ದೊಡ್ಡ ಕತ್ತರಿಯನ್ನು ವತ್ಸಲಾಳ ಟೇಬಲ್ಲಿನ ಮೇಲೆ, ಮರದ ಟೇಬಲ್ಲಿನ ಮೇಲೆ, ಇಟ್ಟು ಬೇವು ಬೆಲ್ಲ ತಿಂದರು.

ಅಂದಿನಿಂದ ನಾನು ಕಂಪ್ಯೂಟರಿನ ಪಕ್ಕದ ಮೊಳೆಯ ಮೇಲಿದ್ದೇನೆ. ಗಿರಾಕಿಗಳು ಬಂದಹಾಗೆಲ್ಲ ಹೊಸಬ ಅವರನ್ನು ಅಳೆಯುತ್ತಾನೆ, ಅವರ ಒಂದು ಎರಡಾಗುತ್ತದೆ. ಪ್ರತಿ ಶನಿವಾರ ವತ್ಸಲಾ ಇನ್ನೆಷ್ಟು ಒಂದು ಉಳಿದಿವೆ ಎಂದು ಕಂಪ್ಯೂಟರನ್ನು ಕೇಳುತ್ತಾಳೆ. ಮೊದಲು ಒಂಬೈನೂರು ಎಂದಿತು, ಮತ್ತೊಂದು ವರ್ಷಕ್ಕೆ ನಾನೂರು, ಆಮೇಲೆ ಅರವತ್ತು. ಆ ಸಂಖ್ಯೆ ಕೇಳಿದ ದಿನ ನನ್ನ ಆಯಸ್ಸು ಮುಗಿಯಿತೆಂದುಕೊಂಡೆ. ಹೊಸಬನ ಮೇಲೆ ನನಗೆ ಕೋಪವಿಲ್ಲ. ವತ್ಸಲಾ ಅವನನ್ನು ಜಗ್ಗುವುದಿಲ್ಲ, ಪ್ರತಿ ಯುಗಾದಿಗೂ ಕಬ್ಬಿಣದ ಅಳತೆಪಟ್ಟಿಯ ಪಕ್ಕ ಮಲಗಿಸಿ ಪರೀಕ್ಷೆ ಮಾಡುತ್ತಾಳೆ.

ಈಗ ಉಳಿದಿರುವುದು ಒಂದೇ ಒಂದು. ನಂಬರ್ ಸಾವಿರದ ನೂರ ನಲವತ್ತು, ಏಕನಾಥರಾಯರು. ಕೊನೆಯಲ್ಲಿ ತಮ್ಮ ಹೆಸರನ್ನೂ ಸೇರಿಸಲು ಅವರೇ ಹೇಳಿದ್ದರು. ವರ್ಷಕ್ಕೊಮ್ಮೆ ಅಂಗಿ ಹೊಲಿಸಲು ಕೋಲೂರಿಕೊಂಡು ಬರುತ್ತಾರೆ. ಹೊಸಬನ ಕಡೆ ವತ್ಸಲಾ ಕೈ ಚಾಚುವುದೇ ಇಲ್ಲ. ಮೊಳೆಯಿಂದ ನನ್ನನ್ನೇ ಇಳಿಸುತ್ತಾಳೆ.

ಮೊನ್ನೆಯೂ ಬಂದಿದ್ದರು. ಅವಳು ನನ್ನನ್ನು ಅವರ ಎದೆಗೆ ಸುತ್ತಿದಳು. ಎಲುಬುಗಳು ನನಗೆ ಒಂದೊಂದಾಗಿ ಸಿಕ್ಕಿದವು.

"ಎಷ್ಟಮ್ಮ?"

"ಮೂವತ್ತನಾಲ್ಕು, ಮಾವ."

"ಹೋದ ಸಲ ಮೂವತ್ತೈದಿತ್ತು. ಟೇಪು ಇನ್ನೂ ಹಿಗ್ಗಿದೆ ಅನ್ಸುತ್ತೆ, ನೋಡು."

"ಹೂಂ ಮಾವ, ಟೇಪೇ ಹಿಗ್ಗಿರೋದು" ಎಂದಳು ವತ್ಸಲಾ. ಮೊಳೆಯ ಮೇಲೆ ಸುಮ್ಮನೆ ನೇತಾಡುವ ನಾನು ಈ ಒಂದು ವರ್ಷದಲ್ಲಿ ಹಿಗ್ಗಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ತಪ್ಪನ್ನು ನಾನು ಸಂತೋಷದಿಂದ ಹೊತ್ತುಕೊಂಡೆ. ಅವಳು ಬಟ್ಟೆ ಹರಡಿ, ನನ್ನನ್ನೇ ಅದರ ಮೇಲೆ ಚಾಚಿ ಗುರುತು ಹಾಕಿ ಕತ್ತರಿಸಿದಳು. ಅಂಗಿ ಅವರ ಮೈಗೆ ಸರಿಯಾಗಿ ಕೂತಿದೆ.