ಎಳೆಬಿಸಿಲಿನ ಮಣೆ

"ಇಲ್ನೋಡ್ರಿ ಡಾಕ್ಟರ್, ಈ ಹೆಣ್ಮಗಳ ಮಾರಿ ಕೆಂಪಗ ಐತಿ. ನಮ್ಮ ಪ್ರಾಚಿದು ಹಂಗಿಲ್ಲಲ್ರೀ!"

ಚಂಪಾಬಾಯಿ ಮೊಬೈಲನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಮಗ ಅರಿಹಂತ ಹುಡುಕಿ ಕಳಿಸಿದ್ದ ಫೋಟೋ. ಯಾವುದೋ ದೇಶದ ಬಿಳಿ ಹೆಂಗಸು, ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆ ಕೂತಂಥ ಕೆಂಪು.

ಸೊಸೆ ಪ್ರಾಚಿ ಊದಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅವಳ ಕೆನ್ನೆಯ ಮೇಲಿದ್ದದ್ದು ಕಂದುಗಪ್ಪು. ಖಾನಾಪುರದ ಓಣಿಯಲ್ಲಿ ಎಲ್ಲರೂ ಅದನ್ನು ಬಂಗು ಅಂದಿದ್ದರು. ಚಂಪಾಬಾಯಿ ಗಂಧ ತೇಯ್ದು ಹಚ್ಚಿದ್ದಳು.

ಶಹರದ ಕ್ಯಾಂಪ್ ಭಾಗದ ದವಾಖಾನೆಯ ಡಾಕ್ಟರ್ ಪೂರ್ಣಿಮಾ ಫೋಟೋ ನೋಡಿ ಮೊಬೈಲ್ ವಾಪಸು ಕೊಟ್ಟರು. "ಎರಡೂ ಒಂದೇ ಜಡ್ಡು ರೀ, ಲೂಪಸ್. ಮೈ ಕಾಯೂ ಶಕ್ತಿನs ತಿರುಗಿ ಚರ್ಮ, ಸಂದು, ಕಿಡ್ನಿ ತಿನ್ನತೈತಿ. ಬಿಳೇ ಮಂದಿಗೆ ಕೆಂಪಗ ಕಾಣತೈತಿ, ನಮ್ಮ ಬಣ್ಣಕ್ಕ ಹಿಂಗ ಕಪ್ಪಗ. ಅದಕ್ಕ ಲಗೂನ ಗೊತ್ತಾಗೂದಿಲ್ಲ. ಎಲ್ಲಾ ದೇಶದಾಗೂ ಇದು ಒಂದೇ ನಮೂನಿ ಇರೂದಿಲ್ರಿ. ಬಿಳೇ ಮಂದಿಗಿಂತ ನಮ್ಮಂಥವರಿಗೆ, ಆಫ್ರಿಕಾದ ಮಂದಿಗೆ ಕಿಡ್ನಿ ಹಿಡಿಯೂದು ಜಾಸ್ತಿ." ಮೂತ್ರದ ರಿಪೋರ್ಟಿನ ಮೇಲೆ ಬೆರಳಿಟ್ಟರು. "ಇವರಿಗೆ ಹಿಡದೈತಿ."

ಚಂಪಾಬಾಯಿ ರಿಪೋರ್ಟನ್ನು ತನ್ನ ಕಡೆ ಎಳೆದುಕೊಂಡಳು.

"ಗುಳಿಗಿ ಇವತ್ತ ಚಾಲೂ ಮಾಡಿದ್ರ ಕಿಡ್ನಿ ಉಳಿಸಾಕ ನೋಡಬಹುದು. ತಿಂಗಳಿಗೆ ಮತ್ತ ತಪಾಸ ಮಾಡೂಣು. ಬಿಸಲಿಗೆ ಮಾತ್ರ ಹೋಗಬ್ಯಾಡ್ರಿ, ಈ ಜಡ್ಡಿನಾಗ ಅದು ವಿಷ. ಇಷ್ಟ ದಿನ ಬಿಸಲಾಗ ಇರ್ತಿದ್ರೇನು?"

ಸಂದುನೋವಿಗೆಂದು ಎರಡು ತಿಂಗಳು, ದಿನಾ ಬೆಳಿಗ್ಗೆ, ಬಿಸಿ ಎಣ್ಣೆ ತಿಕ್ಕಿ ಸೊಸೆಯನ್ನು ಅಂಗಳದ ಮಣೆಯ ಮೇಲೆ ಕೂರಿಸಿದವಳು ಚಂಪಾಬಾಯಿಯೇ. "ಮಾರಿ ಉರೀತೈತ್ರಿ ಅತ್ತಿ" ಅಂದರೆ, "ಎಳಿ ಬಿಸಲು, ಅದs ಔಷಧ, ಸುಮ್ಮ ಕುಂದ್ರು" ಎಂದು ಗದರಿದ್ದೂ ಅವಳೇ.

"ಅರಬಿ ಒಣಹಾಕಾಕ ಹೋಗ್ತಿದ್ನಿರೀ, ಅಷ್ಟ," ಎಂದಳು ಪ್ರಾಚಿ, ತಲೆ ಎತ್ತದೆ.

ಚಂಪಾಬಾಯಿ ಸುಮ್ಮನೇ ಇದ್ದುಬಿಡಬಹುದಿತ್ತು.

"ಸುಳ್ಳರಿ. ನಾನು ಕುಂದರಸ್ತಿದ್ನಿ. ದಿನಾ ಒಂದೊಂದು ತಾಸು."

ಮರುದಿನ ಬೆಳಿಗ್ಗೆ ಅವಳು ಎಣ್ಣೆ ಕುಡಿದ ಮಣೆಯನ್ನು ಅಂಗಳದಿಂದ ಎತ್ತಿ ತಂದು ಪಡಸಾಲೆಯಲ್ಲಿ ಹಾಕಿದಳು. ಪ್ರಾಚಿ ನಾಷ್ಟಾ ಮಾಡಿ, ಅದರ ಮೇಲೆ ಕೂತು ಗುಳಿಗೆ ನುಂಗಿದಳು. ತೆರೆದ ಬಾಗಿಲಿಂದ ಬಿಸಿಲು ಮಣೆಯ ತನಕ ಬಂದಿತ್ತು.

"ಬಾಗಲಾ ಹಾಕ್ಲೇನ್ರಿ ಅತ್ತಿ?"

"ಮುಂಜಾನೆ ಬಾಗಲಾ ಹಾಕಬಾರದವಾ."

ಹೊಸ್ತಿಲ ಮೇಲೆ ಈ ತನಕ ಯಾರನ್ನೂ ಕೂರಗೊಡದ ಚಂಪಾಬಾಯಿ, ಅಂಗಳಕ್ಕೆ ಬೆನ್ನು ಮಾಡಿ ಅದರ ಮೇಲೆಯೇ ಕೂತಳು. ಬಿಸಿಲು ಸರಿದ ಹಾಗೆ ತಾನೂ ಸರಿಯುತ್ತ, ತನ್ನ ನೆರಳು ಸೊಸೆಯ ಮುಖದ ಮೇಲಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.