ಕೇಳದೆ ಬಿಟ್ಟ ಕಾಯಿ

ಕರಿಸಿದ್ದಪ್ಪ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿ ಮೂರು ತಿಂಗಳಾಗಿತ್ತು. ಹಾಲಮ್ಮನ ಎಡಗೆನ್ನೆಯಲ್ಲಿ ನಿಂಬೆಹಣ್ಣಿನ ಗಾತ್ರದ ಊತ ಬಂದು ಕೂತಿತ್ತು, ಇಳಿಯುವ ಲಕ್ಷಣವೇ ಇರಲಿಲ್ಲ.

ಕೊಬ್ಬರಿಗೆಂದು ಅಟ್ಟದಲ್ಲಿ ವರ್ಷವಿಡೀ ಒಣಗಿಸಿದ ಕಾಯಿಯನ್ನು ಇಳಿಸುವಾಗ ಮೇಲಿದ್ದವರು "ಬಿಡ್ಲಾ?" ಅನ್ನಬೇಕು, ಕೆಳಗಿದ್ದವರು "ಬಿಡಿ" ಅನ್ನಬೇಕು. ಆಮೇಲಷ್ಟೇ ಕೈ ಬಿಡುವುದು. ಇಪ್ಪತ್ತಾರು ವರ್ಷ ಹಾಲಮ್ಮ ಹಾಗೇ ಹಿಡಿದಿದ್ದಳು. ಆದರೆ ಅವತ್ತು ಗಂಡಹೆಂಡಿರಿಗೆ ಮಾತಿರಲಿಲ್ಲ. ಅಜ್ಜಂಪುರದಲ್ಲಿ ಅವಳ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಬರುವುದಿಲ್ಲ ಎಂದು ಇವನು ಹಟ ಹಿಡಿದಿದ್ದ. "ಬಿಡ್ಲಾ" ಅಂದರೆ ತಾನೇ ಸೋತು ಮಾತಾಡಿಸಿದಂತಾಗುತ್ತದಲ್ಲ, ದೊಡ್ಡ ಮನುಷ್ಯನ ಜಂಬ ಎಲ್ಲಿಗೆ ಹೋಗಬೇಕು? ಕೇಳದೆ ಬಿಟ್ಟ. ಹಿಂದಿನ ಕಾಯಿಯನ್ನು ಬಗ್ಗಿ ರಾಶಿಗಿಟ್ಟ ಹಾಲಮ್ಮ ಆಗಷ್ಟೇ ತಲೆ ಎತ್ತುತ್ತಿದ್ದಳು.

ಆಸ್ಪತ್ರೆಗೆ ಹೋದರೆ ಹೇಗಾಯಿತೆಂದು ಕೇಳುತ್ತಾರೆ. ಆ ಅಂಜಿಕೆಗೆ ಅವನೇ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಅವತ್ತಿನಿಂದಲೇ ಬೇರೆ ಕಡೆ ನೋಡುತ್ತ ಶಾಖ ಕೊಟ್ಟ. ಅವಳು ಹಲ್ಲು ಕಚ್ಚಿ ಕೂತಿರುತ್ತಿದ್ದಳು.

ಕಡೆಗೆ ಕಡೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹುಬ್ಬು ಗಂಟಿಕ್ಕಿದರು. "ಪೆಟ್ಟು ಬಿದ್ದ ದಿನವೇ ಶಾಖ ಕೊಟ್ರಾ? ಐಸ್ ಇಡ್ಬೇಕಿತ್ತು. ಒಳಗೆ ರಕ್ತ ಹೆಪ್ಪುಗಟ್ಟಿ ಗಂಟಾಗಿದೆ. ಆಗ್ಲೇ ಬಂದಿದ್ರೆ ತೆಗೀಬಹುದಿತ್ತು. ಇನ್ನು ಪೂರ್ತಿ ಇಳಿಯೋದು ಕಷ್ಟ. ಹೇಗಾಯ್ತಮ್ಮ ಇದು?"

ಕರಿಸಿದ್ದಪ್ಪ ಬಾಗಿಲ ಕಡೆ ತಿರುಗಿದ.

"ಇವ್ರು ಬಿಡ್ಲಾ ಅಂದ್ರು, ನಾನು ಬಿಡಿ ಅಂದೆ," ಎಂದಳು ಹಾಲಮ್ಮ. "ನನ್ ಕೈಯೇ ತಪ್ಪಿದ್ದು."

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಬಸ್ಸು ಬಂದು ನಿಂತಾಗ ಅವನು ತಲೆ ತಗ್ಗಿಸಿಯೇ ಹೇಳಿದ: "ನಾನು ಕೇಳೇ ಇರ್ಲಿಲ್ಲ ಕಣೇ."

"ಗೊತ್ತು. ನಂಗೇನು ಕಿವಿ ಕೇಳಲ್ವಾ?" ಎಂದಳು ಅವಳು. "ಈ ಮಾತು ಅವತ್ತೇ ಹೇಳಿದ್ದಿದ್ರೆ ಅವತ್ತೇ ಆಸ್ಪತ್ರೆಗೆ ಬರ್ತಿದ್ವಿ."

ಈ ಮೂರು ತಿಂಗಳೂ ಉಣ್ಣುವಾಗ, ಮಲಗುವಾಗ, ಹಾಲಮ್ಮ ಅವನ ಎಡಕ್ಕೇ ಇರುತ್ತಿದ್ದಳು. ಊದಿದ ಕೆನ್ನೆ ಅವನಿಗೆ ಕಾಣದಿರಲೆಂದು ಹಾಗೆ ಮಾಡುತ್ತಿದ್ದಾಳೆ ಎಂಬುದು ಅವನಿಗೆ ಅರಿವಾದದ್ದು ಈಗ. ಯಾಕೆಂದರೆ ಬಸ್ಸು ಹತ್ತಿದವಳು ಕಿಟಕಿ ಪಕ್ಕದ ಸೀಟನ್ನು ಅವನಿಗೆ ಬಿಟ್ಟು, ಮೊದಲ ಸಲ ಅವನ ಬಲಕ್ಕೆ ಕೂತಳು. ಊರು ಬರುವವರೆಗೂ ಅವನು ಆ ಕೆನ್ನೆಯನ್ನು ನೋಡುತ್ತಲೇ ಇದ್ದ.